ಅಯರ್ಟನ್ ಸೆನ್ನಾ: ನಿಲ್ಲದ ಓಟದ ನಡುವೆ

ವ್ಯಕ್ತಿ ಪರಿಚಯದಲ್ಲಿ ಈ ಸಲ ಕಾರ್ ರೇಸಿನ ಅಯರ್ಟನ್ ಸೆನ್ನಾ ಅವರನ್ನು ನೆನೆಯುತ್ತಿದ್ದೇವೆ. ಅವರ ಗೆಲುವಿನ ಲೆಕ್ಕ ಬಹಳ ಮಂದಿಗೆ ಗೊತ್ತು. ನಮ್ಮನ್ನು ಕಾಡುವ ಪ್ರಶ್ನೆ ಬೇರೆ: ಚಾಲಕನೊಬ್ಬ ಸತ್ತ ಮೇಲೂ ರೇಸ್ ನಡೆಯಬೇಕೆ?

ಸೆನ್ನಾ ಹುಟ್ಟಿದ್ದು 1960ರ ಮಾರ್ಚ್ 21ರಂದು, ಬ್ರೆಜಿಲ್ಲಿನ ಸಾವೊ ಪೌಲೊದಲ್ಲಿ, ಅನುಕೂಲಸ್ಥರ ಮನೆಯಲ್ಲಿ. ಪುಟ್ಟ ಕಾರ್ಟ್ ಗಾಡಿಗಳಲ್ಲಿ ಪಳಗಿ 1984ರಲ್ಲಿ ಫಾರ್ಮುಲಾ ಒನ್‌ಗೆ ಬಂದರು. 1988, 1990 ಮತ್ತು 1991ರಲ್ಲಿ ವಿಶ್ವ ಚಾಂಪಿಯನ್ ಆದರು. ಒಟ್ಟು 41 ಗೆಲುವು. ಸಾಧು ಮನುಷ್ಯರೇನಲ್ಲ, 1990ರಲ್ಲಿ ಜಪಾನಿನ ಸುಜುಕಾದಲ್ಲಿ ಎದುರಾಳಿ ಪ್ರಾಸ್ಟ್ ಅವರ ಕಾರಿಗೆ ಬೇಕೆಂದೇ ಗುದ್ದಿದವರು.

ಆದರೆ ಅದೇ ವರ್ಷ ಸ್ಪೇನಿನ ಹೆರೆಸ್‌ನಲ್ಲಿ ಮಾರ್ಟಿನ್ ಡೊನೆಲಿ ಕಾರು ಛಿದ್ರವಾಗಿ ರಸ್ತೆಗೆ ಬಿದ್ದಾಗ, ಸೆನ್ನಾ ಆ ಜಾಗಕ್ಕೇ ಹೋಗಿ ವೈದ್ಯರ ಆರೈಕೆಯನ್ನು ನೋಡಿದರು. ಆಮೇಲೆ ಮರಳಿ ಕಾರು ಹತ್ತಿ ಎಲ್ಲರಿಗಿಂತ ವೇಗದ ಸುತ್ತು ಹಾಕಿದರು! 1992ರಲ್ಲಿ ಬೆಲ್ಜಿಯಂನ ಅಭ್ಯಾಸದ ವೇಳೆ ತಮ್ಮ ಕಾರು ನಿಲ್ಲಿಸಿ, ಗಾಯಗೊಂಡ ಎರಿಕ್ ಕೊಮಾಸ್ ಬಳಿಗೆ ಓಡಿ ಎಂಜಿನ್ ಆರಿಸಿದರು. ಅಪಘಾತ ಕಂಡರೆ ಮುಖ ತಿರುಗಿಸುವ ಜಾಯಮಾನ ಅವರದಲ್ಲ.

1994ರ ಏಪ್ರಿಲ್ 30, ಶನಿವಾರ, ಇಟಲಿಯ ಇಮೋಲಾ. ಅರ್ಹತಾ ಸುತ್ತಿನಲ್ಲಿ ಆಸ್ಟ್ರಿಯಾದ ರೋಲಾಂಡ್ ರಾಟ್ಜೆನ್‌ಬರ್ಗರ್ ಗೋಡೆಗೆ ಅಪ್ಪಳಿಸಿ ಸತ್ತರು. ಗ್ರ್ಯಾಂಡ್ ಪ್ರಿ ನಡೆಯುವ ದಿನಗಳಲ್ಲಿ ಸುಮಾರು 12 ವರ್ಷಗಳಿಂದ ಇಂಥ ಸಾವಾಗಿರಲಿಲ್ಲ. ಸೆನ್ನಾ ಅಧಿಕಾರಿಗಳ ಕಾರಿನಲ್ಲಿ ಅಪಘಾತದ ಜಾಗಕ್ಕೆ ಹೋದರು. ಆ ದಿನ ಮತ್ತೆ ಟ್ರ್ಯಾಕಿಗಿಳಿಯಲಿಲ್ಲ. ಹೀಗೆ ಹೋದದ್ದಕ್ಕೆ ಅಧಿಕಾರಿಗಳು ಅವರನ್ನೇ ಕರೆಸಿ ಕೇಳಿದರು. ರೇಸಿನ ವೈದ್ಯ, ಗೆಳೆಯ ಸಿಡ್ ವಾಟ್ಕಿನ್ಸ್ ಇದನ್ನೆಲ್ಲ ಬಿಟ್ಟುಬಿಡು ಎಂದು ಬುದ್ಧಿ ಹೇಳಿದರೂ ತಮ್ಮಿಂದಾಗದು ಎಂದುಬಿಟ್ಟರು.

ನಮ್ಮ ಮಟ್ಟಿಗೆ ಆ ಸಂಜೆಯೇ ಎಲ್ಲವೂ ನಿಲ್ಲಬೇಕಿತ್ತು. ಸತ್ತವರು ಹೆಸರಾಂತರಲ್ಲ, ಅದು ಅವರ ಮೂರನೆಯ ರೇಸ್ ವಾರವಷ್ಟೇ. ಹೆಸರಿನ ತೂಕ ನೋಡಿ ಸೂತಕ ಹಿಡಿಯುವುದುಂಟೆ?

ಮೇ 1, ಭಾನುವಾರ ರೇಸ್ ಶುರುವಾಯಿತು. ಏಳನೆಯ ಸುತ್ತಿನಲ್ಲಿ, ಟಂಬುರೆಲ್ಲೊ ತಿರುವಿನಲ್ಲಿ ಸೆನ್ನಾ ಕಾರು ಗೋಡೆಗೆ ಬಡಿಯಿತು. ಕೆಂಪು ಬಾವುಟ ಬಿತ್ತು, ಹೆಲಿಕಾಪ್ಟರ್ ಅವರನ್ನು ಬೊಲೊನ್ಯಾ ಆಸ್ಪತ್ರೆಗೆ ಒಯ್ದಿತು, ರೇಸ್ ಮತ್ತೆ ಶುರುವಾಯಿತು. ಷೂಮಾಕರ್ ಗೆದ್ದರು. ವೇದಿಕೆಯ ಮೇಲೆ ಶಾಂಪೇನ್ ಚಿಮ್ಮಲಿಲ್ಲ. ಸಂಜೆ ಸಾವಿನ ಸುದ್ದಿ ಬಂತು. ಸೆನ್ನಾಗೆ 34 ವರ್ಷ. ಗೆದ್ದರೆ ರಾಟ್ಜೆನ್‌ಬರ್ಗರ್ ನೆನಪಿಗೆ ಹಾರಿಸಲೆಂದು ಇಟ್ಟಿದ್ದ ಆಸ್ಟ್ರಿಯಾದ ಬಾವುಟ ಅವರ ಕಾರಿನಲ್ಲಿತ್ತು ಎನ್ನುತ್ತಾರೆ.

ಬ್ರೆಜಿಲ್ ಮೂರು ದಿನ ಶೋಕ ಆಚರಿಸಿತು. ಎರಡು ವಾರ ಕಳೆದು ಮೊನಾಕೊ ರೇಸ್. ಚಾಲಕರು ತಮ್ಮ ಸುರಕ್ಷತೆಗಾಗಿ ಹಳೆಯ ಸಂಘಕ್ಕೆ ಅಲ್ಲೇ ಮರುಜೀವ ಕೊಟ್ಟರು. ಮುಂದಿನ ಎರಡು ಜಾಗಗಳನ್ನು ಖಾಲಿ ಬಿಟ್ಟು ಸಾಲು ನಿಂತರು. ಅಭ್ಯಾಸದಲ್ಲಿ ಕಾರ್ಲ್ ವೆಂಡ್ಲಿಂಗರ್ ತೀವ್ರವಾಗಿ ಗಾಯಗೊಂಡು ಪ್ರಜ್ಞೆ ತಪ್ಪಿದ್ದರು. ಅವರ ಸೌಬರ್ ತಂಡ ಮಾತ್ರ ತನ್ನ ಇನ್ನೊಂದು ಕಾರನ್ನೂ ರೇಸಿಗೆ ಬಿಡಲಿಲ್ಲ. ವೆಂಡ್ಲಿಂಗರ್ ಬದುಕಿಕೊಂಡರು.