ಜಿ. ಎನ್. ರಾಮಚಂದ್ರನ್

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ (ಅಕ್ಟೋಬರ್ 8, 1922 – ಏಪ್ರಿಲ್ 7, 2001) ಭಾರತದ ಭೌತವಿಜ್ಞಾನಿ. ಪ್ರೋಟೀನುಗಳ ರಚನೆಯನ್ನು ಪರಿಶೀಲಿಸಲು ಬಳಸುವ ರಾಮಚಂದ್ರನ್ ನಕ್ಷೆಯಿಂದ ಇವರು ಪ್ರಸಿದ್ಧರು. ಕ್ಷ-ಕಿರಣ ಚಿತ್ರಗಳಿಂದ ದೇಹದ ಅಡ್ಡಕೊಯ್ತದ ಚಿತ್ರವನ್ನು ರೂಪಿಸುವ ಇವರ ಗಣಿತ ವಿಧಾನವು ಸಿ.ಟಿ. ಸ್ಕ್ಯಾನಿನಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು.

ಜೀವನ

ಎರ್ನಾಕುಲಂನಲ್ಲಿ ಜನಿಸಿದ ಇವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಸೇರಿದರು. ಬಳಿಕ ಭೌತವಿಜ್ಞಾನದತ್ತ ಹೊರಳಿ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. 1949ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೊಲಾಜೆನ್‌ನ ಮೂರೆಳೆಯ ಸುರುಳಿ ರಚನೆಯನ್ನು ಪ್ರತಿಪಾದಿಸಿದರು. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ರಾಮಚಂದ್ರನ್ ನಕ್ಷೆಯನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದರು.

ಚಿತ್ರ ಪುನಾರಚನೆ

ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಅಂಗಗಳ ನೆರಳುಗಳು ಒಂದರ ಮೇಲೊಂದು ಬೀಳುತ್ತವೆ. ಹಲವು ಕೋನಗಳಿಂದ ಪಡೆದ ನೆರಳುಗಳನ್ನು ಹಿಮ್ಮುಖವಾಗಿ ಹರಡಿ ಕೂಡಿಸಿದರೆ ಅಡ್ಡಕೊಯ್ತದ ಚಿತ್ರ ದೊರೆಯುತ್ತದೆ. ಆದರೆ ಅದು ಮಸುಕಾಗಿರುತ್ತದೆ. ಫೂರಿಯೇ ರೂಪಾಂತರದ ಮೂಲಕ ಇದನ್ನು ಸರಿಪಡಿಸಲು ಹೆಚ್ಚಿನ ಗಣನೆ ಬೇಕಾಗುತ್ತಿತ್ತು. 1971ರಲ್ಲಿ ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಸರಳ ಮಾರ್ಗವೊಂದನ್ನು ಪ್ರಕಟಿಸಿದರು. ಪ್ರತಿಯೊಂದು ನೆರಳನ್ನೂ ಹರಡುವ ಮೊದಲೇ ಗಣಿತದ ಶೋಧಕದಿಂದ ತಿದ್ದುವುದು ಇದರ ತಿರುಳು. ಆ ಶೋಧಕಕ್ಕೆ ಇಬ್ಬರ ಹೆಸರುಗಳಿಂದ ರಾಮ್-ಲಕ್ ಎಂಬ ಹೆಸರು ಬಂದಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ಮೆದುಳಿನ ಸ್ಕ್ಯಾನ್ ನಡೆಯಿತು. ಸಿ.ಟಿ. ಅಭಿವೃದ್ಧಿಗಾಗಿ 1979ರ ನೊಬೆಲ್ ಪ್ರಶಸ್ತಿಯು ಹೌನ್ಸ್‌ಫೀಲ್ಡ್ ಮತ್ತು ಆಲನ್ ಕಾರ್ಮ್ಯಾಕ್ ಅವರಿಗೆ ಸಂದಿತು.

ಮಕ್ಕಳ ವೈದ್ಯಕೀಯದಲ್ಲಿ ಬಳಕೆ

ಶ್ವಾಸನಾಳ, ಅನ್ನನಾಳ, ರಕ್ತನಾಳ ಮತ್ತು ಬೆನ್ನುಮೂಳೆಗಳು ಒತ್ತೊತ್ತಾಗಿರುವ ಕುತ್ತಿಗೆಯಲ್ಲಿ ಇಂತಹ ಚಿತ್ರಗಳ ಉಪಯುಕ್ತತೆ ಎದ್ದುಕಾಣುತ್ತದೆ. ಮಗುವಿನ ಕುತ್ತಿಗೆಯಲ್ಲಿ ಗಂಟು ಕಂಡಾಗ ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಮೊದಲು ಮಾಡಲಾಗುತ್ತದೆ. ಊದಿದ ದುಗ್ಧಗ್ರಂಥಿ, ಹುಟ್ಟಿನಿಂದ ಬಂದ ನೀರ್ಗುಳ್ಳೆ ಮುಂತಾದವುಗಳನ್ನು ಅದರಿಂದಲೇ ಬಹುಮಟ್ಟಿಗೆ ಗುರುತಿಸಬಹುದು. ಗಂಟಲಿನ ಹಿಂದೆ ಆಳದಲ್ಲಿ ಕೀವು ತುಂಬಿ ಉಸಿರಾಟಕ್ಕೆ ಅಪಾಯವಿರುವ ಸಂದೇಹ ಬಂದಾಗ ಸಿ.ಟಿ. ನೆರವಾಗುತ್ತದೆ. ಮಕ್ಕಳ ಥೈರಾಯ್ಡ್ ಗ್ರಂಥಿಯು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮವಾದುದರಿಂದ ಇದನ್ನು ಅಗತ್ಯವಿದ್ದಾಗ ಮಾತ್ರ, ಕಡಿಮೆ ಪ್ರಮಾಣದ ವಿಕಿರಣದಲ್ಲಿ ಮಾಡಲಾಗುತ್ತದೆ.

ಗೌರವಗಳು ಮತ್ತು ನಿಧನ

ಇವರಿಗೆ 1961ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ದೊರೆಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1999ರಲ್ಲಿ ಎವಾಲ್ಡ್ ಪ್ರಶಸ್ತಿಗೆ ಪಾತ್ರರಾದರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದ ಇವರು 2001ರಲ್ಲಿ ಚೆನ್ನೈನಲ್ಲಿ ನಿಧನರಾದರು.