ಕೋಣೆಗಳನ್ನು ಖಾಲಿ ಬಿಟ್ಟ ಅಪ್ಪ

ಮಕ್ಕಳೇ, ಆನ್ ಫ್ರಾಂಕ್ ಬರೆದ ದಿನಚರಿಯನ್ನು ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿರುತ್ತೀರಿ. ಈ ಸಂಚಿಕೆಯಲ್ಲಿ ನಾನು ಹೇಳುವುದು ಅವಳ ಅಪ್ಪ ಒಟ್ಟೊ ಫ್ರಾಂಕ್ ಅವರ ಕಥೆ. ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಕ್ಟ್ ಕಾಲುವೆಯ ದಂಡೆಯಲ್ಲಿರುವ 263ನೇ ನಂಬರಿನ ಮನೆಯನ್ನು ನೋಡಲು ಹೋಗುವ ಮುಂಚೆ ಅವರ ಪರಿಚಯ ನಿಮಗಿರಬೇಕು ಎಂದು ನನ್ನ ಆಸೆ.

ಒಟ್ಟೊ ಜರ್ಮನಿಯ ಯಹೂದಿ. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಅಧಿಕಾರಿಯಾಗಿ ಹೋರಾಡಿದ್ದವರು. ಆದರೆ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಗಳಿಗೆ ಅಲ್ಲಿ ನೆಲೆ ಇಲ್ಲವಾಯಿತು. ಅವರು ಹೆಂಡತಿ ಎಡಿತ್, ಮಕ್ಕಳಾದ ಮಾರ್ಗೊ ಮತ್ತು ಆನ್ ಜೊತೆ ಹಾಲೆಂಡಿಗೆ ಬಂದು ನೆಲೆಸಿದರು. ಜ್ಯಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಮತ್ತು ಮಸಾಲೆ ಪದಾರ್ಥಗಳ ವ್ಯಾಪಾರ ನಡೆಸಿದರು. 1940ರಲ್ಲಿ ಹಿಟ್ಲರನ ನಾಜಿ ಸೈನ್ಯ ಹಾಲೆಂಡಿಗೂ ಬಂತು. 1942ರ ಜುಲೈಯಲ್ಲಿ ಮಾರ್ಗೊಗೆ ಜರ್ಮನಿಯ ದುಡಿಮೆ ಶಿಬಿರಕ್ಕೆ ಬರಬೇಕೆಂಬ ಆಜ್ಞೆ ಬಂದ ಮರುದಿನವೇ ಇಡೀ ಕುಟುಂಬ ಆ 263ನೇ ನಂಬರಿನ ಮನೆಯಲ್ಲಿದ್ದ ಒಟ್ಟೊ ಅವರ ಕಚೇರಿಯ ಹಿಂಬದಿಯ ಕೋಣೆಗಳಲ್ಲಿ ಅಡಗಿತು.

ಒಟ್ಟೊ ಆ ಅಡಗುತಾಣವನ್ನು ಮುಂಚಿನಿಂದಲೇ ಸಜ್ಜು ಮಾಡುತ್ತಿದ್ದರು. ಆನ್ ಕೂಡಿಟ್ಟಿದ್ದ ಸಿನಿಮಾ ತಾರೆಯರ ಚಿತ್ರಗಳನ್ನೂ ಪೋಸ್ಟ್‌ಕಾರ್ಡುಗಳನ್ನೂ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿಸಿದ್ದರು. ಜೀವಕ್ಕೇ ಅಪಾಯವಿರುವಾಗ ಮಗಳ ಚಿತ್ರಗಳ ನೆನಪಿಟ್ಟುಕೊಂಡ ಅಪ್ಪ! ಅವಳು ಅವನ್ನು ಗೋಡೆಗೆ ಅಂಟಿಸಿದಳು. ಹೊರಗಿನವರ ಕಣ್ಣಿಗೆ ಬೀಳದಿರಲೆಂದು ಅಪ್ಪ, ಮಗಳು ಸೇರಿ ಬಟ್ಟೆ ಚೂರುಗಳಿಂದ ಕಿಟಕಿ ಪರದೆ ಹೊಲಿದರು. ಆಮೇಲೆ ಬೇರೆಯವರೂ ಬಂದು ಸೇರಿ ಒಟ್ಟು ಎಂಟು ಜನರಾದರು; ಫ್ರಾಂಕ್ ಕುಟುಂಬ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿತ್ತು. ಕೆಳಗಿನ ಉಗ್ರಾಣದಲ್ಲಿ ಆಳುಗಳು ಕೆಲಸ ಮಾಡುವ ಹೊತ್ತಿನಲ್ಲಿ ನಡೆದಾಡುವುದಕ್ಕೂ ಮಾತಿಗೂ ಹೆದರಬೇಕು. ಆಗಲೂ ಒಟ್ಟೊ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ತಾವು ನಿಘಂಟು ಹಿಡಿದು ಇಂಗ್ಲಿಷ್ ಲೇಖಕ ಡಿಕನ್ಸನ ಕಾದಂಬರಿ ಓದುತ್ತಿದ್ದರು. ನಮ್ಮ ಮನೆಗಳಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರದ ಗುರುತು ಹಾಕುವ ಹಾಗೆ, ಅಲ್ಲಿಯೂ ಗೋಡೆಯ ಕಾಗದದ ಮೇಲೆ ಪೆನ್ಸಿಲ್ ಗೀಟುಗಳಿವೆ. ಅಡಗಿದ್ದ ಆ ದಿನಗಳಲ್ಲಿ ಆನ್ 13 ಸೆಂಟಿಮೀಟರಿಗೂ ಹೆಚ್ಚು ಬೆಳೆದಳು.

1944ರ ಆಗಸ್ಟ್ 4ರಂದು ಎಲ್ಲರೂ ನಾಜಿಗಳ ಕೈಗೆ ಸಿಕ್ಕಿಬಿದ್ದರು. ಆ ಎಂಟು ಜನರಲ್ಲಿ ನಾಜಿ ಶಿಬಿರಗಳಿಂದ ಬದುಕಿ ಬಂದವರು ಒಟ್ಟೊ ಒಬ್ಬರೇ.

ಯುದ್ಧ ಮುಗಿದ ಮೇಲೆ, ಅಡಗಿದ್ದವರಿಗೆ ನೆರವಾಗಿದ್ದ ಮೀಪ್ ಖೀಸ್ ಎಂಬ ಧೀರ ಮಹಿಳೆ ತಾವು ಎತ್ತಿಟ್ಟಿದ್ದ ಆನ್ ಬರಹಗಳನ್ನು ಒಟ್ಟೊ ಅವರ ಕೈಗೆ ಕೊಟ್ಟರು. ಪ್ರತಿದಿನ ಜೊತೆಗೇ ಇದ್ದ ಮಗಳ ಮನಸ್ಸಿನಲ್ಲಿ ಇಷ್ಟೆಲ್ಲ ಇತ್ತೆಂದು ಅಪ್ಪನಿಗೆ ತಿಳಿದದ್ದು ಆಗ. 1947ರಲ್ಲಿ ದಿನಚರಿ ಅಚ್ಚಾಯಿತು.

ಆ ಮನೆಯನ್ನು ಕೆಡವಲು ಒಮ್ಮೆ ಸಿದ್ಧತೆ ನಡೆದಿತ್ತು. ಊರಿನ ಜನ ವಿರೋಧಿಸಿದರು, ಕೆಡವಲು ಹೊರಟಿದ್ದ ಕಂಪನಿಯೇ ಕೊನೆಗೆ ಅದನ್ನು ದಾನವಾಗಿ ಬಿಟ್ಟುಕೊಟ್ಟಿತು. 1960ರ ಮೇ 3ರಂದು ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬಂಧನದ ನಂತರ ನಾಜಿಗಳು ಮಂಚ, ಮೇಜು ಎಲ್ಲವನ್ನೂ ಹೊತ್ತೊಯ್ದಿದ್ದರು. ಅದೇ ಬಗೆಯ ಸಾಮಾನು ತಂದಿಡುವುದು ಕಷ್ಟವಿರಲಿಲ್ಲ. ಒಟ್ಟೊ ಬೇಡವೆಂದರು, ದೋಚಿದ್ದು ದೋಚಿದ ಹಾಗೆಯೇ ಕಾಣಲಿ ಎಂಬುದು ಅವರ ಇಚ್ಛೆ. ಈ ತೀರ್ಮಾನ ನನ್ನನ್ನು ಬಹಳ ತಟ್ಟಿದೆ. ಹೋದವರು ಎಷ್ಟು ಜನ, ಹೋದದ್ದು ಎಷ್ಟು ಎಂಬುದನ್ನು ಚೊಕ್ಕವಾಗಿ ಜೋಡಿಸಿದ ಕುರ್ಚಿಗಳು ಮರೆಸಿಬಿಡುತ್ತಿದ್ದವು.

ಹಾಗೆಂದು ಅವರು ನೆನಪುಗಳನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಯಾವ ಹಾಸಿಗೆ ಎಲ್ಲಿತ್ತು, ಒಲೆ ಎಲ್ಲಿತ್ತು ಎಂದು ಹೇಳಿ ಆ ಕೋಣೆಗಳ ಪುಟ್ಟ ಮಾದರಿಗಳನ್ನು ಮಾಡಿಸಿದರು. ದಿನಚರಿ ಓದಿ ಬರೆದ ಸಾವಿರಾರು ಮಕ್ಕಳಿಗೆ, ಯುವಕರಿಗೆ 1980ರಲ್ಲಿ ತೀರಿಕೊಳ್ಳುವವರೆಗೂ ಉತ್ತರ ಬರೆಯುತ್ತಿದ್ದರು.

ನೀವು ಹೋದಾಗ ಮಾದರಿಗಳನ್ನು ಚೆನ್ನಾಗಿ ನೋಡಿಕೊಳ್ಳಿ. ಆಮೇಲೆ ಖಾಲಿ ಕೋಣೆಯಲ್ಲಿ ಆನ್ ಮಂಚ ಎಲ್ಲಿತ್ತು, ಅವಳು ಬರೆಯಲು ಕೂರುತ್ತಿದ್ದ ಮೇಜು ಎಲ್ಲಿತ್ತು ಎಂದು ನೀವೇ ಗುರುತಿಸಿ, ಜೊತೆಗೆ ಬಂದ ತಮ್ಮ ತಂಗಿಯರಿಗೂ ತೋರಿಸಿ.