ನಕ್ಷತ್ರದ ವಯಸ್ಸು, ನನ್ನ ಬ್ಯಾಕ್‌ಲಾಗ್

ಎರಡು ಬ್ಯಾಕ್‌ಲಾಗ್ ಹೊತ್ತು ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ ಬರುವಾಗ ನಾನು ಓದಿದ್ದು ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಬದುಕು.

1927ರಲ್ಲಿ ಹುಟ್ಟಿದ ಅವರು ಹಾರ್ವರ್ಡ್‌ನಲ್ಲಿ ಓದುವಾಗಲೇ ಧೂಮಕೇತುವೊಂದನ್ನು ಕಂಡುಹಿಡಿದರು. ಬೆಳಕಿನಲ್ಲಿ ಕ್ಯಾಲ್ಸಿಯಂ ಮೂಡಿಸುವ ಗೆರೆಯ ಅಗಲದಿಂದ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ ಎಂದು 1957ರಲ್ಲಿ ಓಲಿನ್ ವಿಲ್ಸನ್ ಜೊತೆ ತೋರಿಸಿದರು. ಕಬ್ಬಿಣದಂಥ ಲೋಹ ತೀರಾ ಕಡಿಮೆಯಿದ್ದರೆ ನಕ್ಷತ್ರ ಸಾಮಾನ್ಯವಾಗಿ ಬಹಳ ಹಳೆಯದು. ಪ್ರಕಾಶವೂ ಗೊತ್ತಾದರೆ ವಯಸ್ಸಿನ ಲೆಕ್ಕ ಇನ್ನೂ ಗಟ್ಟಿ.

ತಾಯ್ನಾಡಿಗೆ ಮರಳಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ಅದರ ಕೇಂದ್ರ ಇಂದು ನಮ್ಮ ಬೆಂಗಳೂರಿನಲ್ಲಿದೆ. ತಮಿಳುನಾಡಿನ ಕಾವಲೂರಿಗೆ ದೊಡ್ಡ ದೂರದರ್ಶಕವನ್ನು ದೇಶದಲ್ಲೇ ಮಾಡಿಸಲು ಹೊರಟರು. ಅದು ಸಿದ್ಧವಾಗುವ ಮೊದಲೇ, 1982ರಲ್ಲಿ, ತೀರಿಕೊಂಡರು. 1986ರಲ್ಲಿ ಅದಕ್ಕೆ ಅವರದೇ ಹೆಸರಿಟ್ಟರು.

ಫಲ ಕಾಣದೆಯೂ ಅವರು ದುಡಿದರು. ನನ್ನ ಫಲ ಬರೀ ಆರು ತಿಂಗಳು ದೂರ. ಮರುದಿನವೇ ಪರೀಕ್ಷಾ ಫೀಸು ಕಟ್ಟಿದೆ.